ತಮ್ಮ ಎಮ್ಮೆಯನ್ನು ತಾವೇ ಕೊಂಡವರು

ಮಾತು ಎಲ್ಲಿಗೆ ಬಂದಿತ್ತು? ಬಚ್ಚಿಡುವ ಬುದ್ಧಿಗೆ ಬಂದಿತ್ತು. ದೇವರಿಗೆ ಏನನ್ನೂ ಬಚ್ಚಿಡಲಾಗದು ಎಂದು ನಿಮಗೆಲ್ಲ ಗೊತ್ತು. ಅದಕ್ಕೇ ಅವನ ಮುಂದೆ ನಿಂತಾಗ ಒಂದನ್ನೂ ಬಿಡದೆ ಹೇಳಿಕೊಳ್ಳುತ್ತೀರಿ. ಮನೆಯಲ್ಲಿ ಮಗ್ಗುಲಿಗೆ ಕುಳಿತವರಿಗೆ ಬಚ್ಚಿಡಬಹುದಲ್ಲ, ಅದಕ್ಕೇ ಅವರಿಗೆ ಏನೂ ಹೇಳುವುದಿಲ್ಲ. ಇದಕ್ಕೊಂದು ದೃಷ್ಟಾಂತ ಇದೆ, ಸಾವಧಾನವಾಗಿ ಕೇಳಿ.

ಒಂದೂರಲ್ಲಿ ಒಬ್ಬ ದಲಾಲಿ ಇದ್ದ. ಶ್ರೀಮಂತನಲ್ಲ. ಶ್ರೀಮಂತರ ಕಥೆಯನ್ನು ಈ ಮಠದ ಕಟ್ಟೆಯ ಮೇಲೆ ಕುಳಿತು ಬೇಕಾದಷ್ಟು ಹೇಳಿದ್ದೇನೆ. ಅದು ನಮ್ಮ ಕಥೆಯಲ್ಲ ಎಂದು ನೀವು ಗೋಡೆಗೆ ಒರಗಿ ಆರಾಮಾಗಿ ಕುಳಿತುಬಿಡುತ್ತೀರಿ. ಇವನು ದನದ ಸಂತೆಯ ದಲಾಲಿ. ಇವನಿಗೆ ಒಬ್ಬಳು ಹೆಂಡತಿ, ಒಬ್ಬಳು ಮಗಳು, ಒಂದು ಎಮ್ಮೆ. ಎಮ್ಮೆಯ ಹೆಸರು ಕರೆವ್ವ. ಮನುಷ್ಯರ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು, ಹೋ, ಅದು ಅವರ ಮನೆಯ ಸುದ್ದಿ ಎಂದು ಎದ್ದು ಹೋಗುತ್ತೀರಿ.

ದನದ ಸಂತೆಯಲ್ಲಿ ಬೆಲೆ ಹೇಗೆ ಕಟ್ಟುತ್ತಾರೆ, ನೋಡಿದ್ದೀರಲ್ಲ? ಬಾಯಿ ಬಿಟ್ಟು ಹೇಳುವುದಿಲ್ಲ. ದಲಾಲಿ ಹೆಗಲ ಮೇಲಿನ ಟವೆಲ್ಲು ತೆಗೆದು ಮಾರುವವನ ಕೈಮೇಲೆ ಹಾಕುತ್ತಾನೆ. ಅದರ ಕೆಳಗೆ ಇವನ ಬೆರಳು, ಅವನ ಬೆರಳು. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಹತ್ತಿಪ್ಪತ್ತು ಜನ ಸುತ್ತ ನಿಂತಿರುತ್ತಾರೆ, ಒಬ್ಬರಿಗೂ ಏನೂ ತಿಳಿಯುವುದಿಲ್ಲ. ಆಮೇಲೆ ಅದೇ ಟವೆಲ್ಲು ಕೊಳ್ಳುವವನ ಕೈಮೇಲೆ. ಮಾರುವವನಿಗೆ ತೋರಿಸಿದ ಬೆರಳೆಷ್ಟು, ಕೊಳ್ಳುವವನಿಗೆ ತೋರಿಸಿದ ಬೆರಳೆಷ್ಟು, ಅದು ಆ ದಲಾಲಿಗೆ ಗೊತ್ತು, ಮೇಲಿರುವ ಶಿವನಿಗೆ ಗೊತ್ತು. ನಡುವೆ ಏನಾದರೂ ಉಳಿದರೆ ಅದು ಟವೆಲ್ಲಿನಲ್ಲೇ ಉಳಿಯುತ್ತದೆ.

ನಮ್ಮ ದಲಾಲಿ ಈ ಕೆಲಸದಲ್ಲಿ ಇಪ್ಪತ್ತು ವರ್ಷ ಪಳಗಿದವನು. ಅವನ ಮುಖ ನೋಡಿ ಬೆಲೆ ಹೇಳುವವರು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಸಂತೆಯಲ್ಲಿ ಅದು ವಿದ್ಯೆ. ಆದರೆ ಅವನು ಸಂತೆಯ ಟವೆಲ್ಲನ್ನು ಮನೆಯೊಳಕ್ಕೂ ತಂದ.

ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ, ಸಂತೆಯಿಂದ ಬಂದು ಕಾಲು ತೊಳೆಯುತ್ತಿದ್ದ. ಹೆಂಡತಿ ನೀರು ಹಾಕುತ್ತ ಕೇಳಿದಳು.

“ಇವತ್ತ ಎಷ್ಟ ಬಂತ್ರಿ?”

“ಬಂತು.”

“ಬಂತು ಅಂದ್ರ ಎಷ್ಟು?”

ಅವನು ನಕ್ಕ. “ಹಗ್ಗ ಹಿಡಿಯೋರು ಬೆಲಿ ಕೇಳಬಾರದು. ಸಂತ್ಯಾಗ ಹಂಗ ಪದ್ಧತಿ ಐತಿ.”

ಅವನು ತಮಾಷೆಗೆ ಅಂದ. ಅವಳು ಅದನ್ನು ಎದೆಯಲ್ಲಿ ಇಟ್ಟುಕೊಂಡಳು. ತಾಯಂದಿರು ನಗುತ್ತಿದ್ದೀರಿ, ನನಗೆ ಕಾಣುತ್ತಿದೆ. ನಿಮ್ಮಲ್ಲೂ ಒಬ್ಬೊಬ್ಬರ ಎದೆಯಲ್ಲಿ ಇಂಥ ಒಂದೊಂದು ಮಾತು ಕುಳಿತಿದೆ. ಆವತ್ತಿನಿಂದ ಅವಳು ಕೇಳುವುದನ್ನು ಬಿಟ್ಟಳು. ಅವನು ಕೊಟ್ಟಾಗ ತೆಗೆದುಕೊಂಡಳು, ಕೊಡದಾಗ ಸುಮ್ಮನಿದ್ದಳು. ಕೇಳುವುದನ್ನು ಬಿಟ್ಟವಳು ಹೇಳುವುದನ್ನೂ ಬಿಟ್ಟಳು. ಕರೆವ್ವನ ಹಾಲು, ಮೊಸರು, ಬೆಣ್ಣೆ ಮಾರಿ ಬಂದದ್ದರಲ್ಲಿ ಸಂಸಾರಕ್ಕೆ ತೆಗೆದು, ಉಳಿದದ್ದನ್ನು ಹಳೆಯ ಕೌದಿಯೊಂದರ ಪದರು ಬಿಚ್ಚಿ ಒಳಗಿಟ್ಟು ಹೊಲಿಯುತ್ತ ಬಂದಳು. ತಿಂಗಳಿಗೊಮ್ಮೆ ಬಿಚ್ಚುವುದು, ಇಡುವುದು, ಹೊಲಿಯುವುದು. ಕರೆವ್ವ ಮೊದಲ ಸಲ ಕರು ಹಾಕಿದಂದಿನಿಂದ ಆರು ವರ್ಷ. ಗಂಡ ಅದೇ ಕೌದಿ ಹೊದ್ದು ಮಲಗುತ್ತಿದ್ದ. ಚಳಿಗಾಲದಲ್ಲಿ, “ಈ ಕೌದಿ ಭಾಳ ಬೆಚ್ಚಗ ಐತಿ ನೋಡು” ಎಂದೂ ಅನ್ನುತ್ತಿದ್ದ.

ಹೀಗೆ ಇರುವಾಗ ಮಗಳಿಗೆ ಶಹರದಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತು. ಬುಧವಾರದೊಳಗೆ ಅರವತ್ತು ಸಾವಿರ ಕಟ್ಟಬೇಕು, ಕಟ್ಟದಿದ್ದರೆ ಸೀಟು ಮತ್ತೊಬ್ಬರಿಗೆ. ಹುಡುಗಿ ಕಾಗದವನ್ನು ಅಪ್ಪ ಅವ್ವ ಇಬ್ಬರ ಮುಂದೂ ಓದಿದಳು. ಅಪ್ಪ ಮೀಸೆ ತಿರುವಿ ಅಂದ: “ನಾ ನೋಡ್ತೀನಿ.”

ಎಷ್ಟು ಮಾತು? ಎರಡು. ನಾ ನೋಡ್ತೀನಿ. ಈ ಎರಡು ಮಾತಿನಲ್ಲಿ ಎಷ್ಟು ಮನೆ ಮುಳುಗಿವೆ ಎಂದು ನೋಡಿ. ಅವನ ಕೈಯಲ್ಲಿ ಅರವತ್ತು ಸಾವಿರ ಇರಲಿಲ್ಲ. ಸಂತೆಯ ಮುಂಗಡಕ್ಕೆಂದು ಗಲ್ಲಾಪೆಟ್ಟಿಗೆಯ ತಳದಲ್ಲಿ ಇಟ್ಟ ಏಳು ಸಾವಿರ ಇತ್ತು, ಅಷ್ಟೆ. ಆದರೆ ಹೆಂಡತಿ ಏನು ತಿಳಿದಳು? ಇಷ್ಟು ಗಟ್ಟಿಯಾಗಿ ಹೇಳುತ್ತಾರೆ, ಅಂದ ಮೇಲೆ ಇದೆ. ಇದ್ದರೆ ನನ್ನ ಕೌದಿ ಬಿಚ್ಚುವುದು ಯಾಕೆ? ಆಕೆಯ ಕೌದಿಯಲ್ಲಿ ಆ ಹೊತ್ತಿಗೆ ಅರವತ್ತೈದು ಸಾವಿರ ಇತ್ತು.

ನಿಲ್ಲಿ, ಇಲ್ಲಿ ಒಂದು ಕ್ಷಣ ನಿಲ್ಲಿ. ಮಗಳ ಫೀಸು ಅರವತ್ತು. ಮನೆಯೊಳಗೆ ಇದ್ದದ್ದು ಅರವತ್ತೈದು ಒಂದು ಕಡೆ, ಏಳು ಇನ್ನೊಂದು ಕಡೆ. ಫೀಸು ಆ ಮನೆಯಲ್ಲೇ ಕುಳಿತಿತ್ತು. ಕೌದಿಯಲ್ಲಿ ಮಲಗಿತ್ತು. ಅದನ್ನು ಎಬ್ಬಿಸಲು ಬೇಕಾಗಿದ್ದದ್ದು ಒಂದು ಮಾತು.

ಆ ಮಾತು ಹುಟ್ಟಲಿಲ್ಲ. ಶನಿವಾರ ಸಂಜೆ ಅವನು ಕರೆವ್ವನ ಮೈ ತೊಳೆದ, ಕೋಡಿಗೆ ಎಣ್ಣೆ ಹಚ್ಚಿದ. ದಲಾಲಿಯ ಹೆಂಡತಿಗೆ ಇದರ ಅರ್ಥ ಯಾರೂ ಹೇಳಬೇಕಾಗಿಲ್ಲ. ಕರೆವ್ವ ಅವಳ ತವರಿನಿಂದ ಕರುವಾಗಿ ಬಂದದ್ದು. ಇವರಿಗೇನು, ವ್ಯಾಪಾರ ಸಿಕ್ಕರೆ ಮನೆಯ ಕಂಬವನ್ನೂ ಮಾರುತ್ತಾರೆ, ಲಾಭ ಕಂಡಿರಬೇಕು, ಕರೆವ್ವನನ್ನು ಕೊಟ್ಟು ಇನ್ನೊಂದು ತರುತ್ತಾರೆ ಎಂದುಕೊಂಡಳು. ಯಾಕೆ ಮಾರುತ್ತೀರಿ ಎಂದು ಕೇಳಿದಳೆ? ಇಲ್ಲ. ಹಗ್ಗ ಹಿಡಿಯುವವರು ಕೇಳಬಾರದಲ್ಲ. ಅವನು ತಾನಾಗಿ ಹೇಳಿದನೆ? ಅವನೂ ಇಲ್ಲ. ಅಕಿಗ್ಯಾಕ ಈ ಚಿಂತಿ, ನಾನೇ ಹೊತ್ತುಕೊಂಡು ಹೋಗ್ತೀನಿ ಎಂದುಕೊಂಡ. ಅವನ ಮನಸ್ಸಿನಲ್ಲಿ ಪ್ರೀತಿ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಪ್ರೀತಿ ಇತ್ತು. ಅದರ ಮೇಲೊಂದು ಟವೆಲ್ಲು ಹಾಕಿತ್ತು.

ಅವಳು ಹಿತ್ತಲಿಗೆ ಹೋಗಿ ಪಕ್ಕದ ಊರಿನ ತಮ್ಮನಿಗೆ ಫೋನು ಮಾಡಿದಳು.

“ನಾಳೆ ಸಂತ್ಯಾಗ ಕರೆವ್ವನ್ನ ಮಾರ್ತಾರ. ನೀ ಕೊಂಡು ನಿಮ್ಮ ಮನಿಗಿ ಹೊಡಕೊಂಡ ಹೋಗು. ರೊಕ್ಕ ನಾ ಕೊಡ್ತೀನಿ.”

“ಯಕ್ಕಾ, ನಿನ್ನ ಎಮ್ಮಿ ನಿನ್ನ ಗಂಡ ಮಾರೂದು, ನಿನ್ನ ರೊಕ್ಕ ಕೊಟ್ಟು ನಾ ಕೊಳ್ಳೂದು. ನಿಮ್ಮ ಮನ್ಯಾಗ ಯಾರಿಗರ ಹುಚ್ಚ ಹಿಡದೈತೇನ?”

“ಹೇಳಿದಷ್ಟ ಮಾಡು. ನಿಮ್ಮ ಮಾಮಾನ ಕಣ್ಣಿಗಿ ಬೀಳಬ್ಯಾಡ. ಎಷ್ಟಾದ್ರೂ ಆಗಲಿ, ಬರೀಗೈಲೆ ಬರಬ್ಯಾಡ.”

ನೋಡಿ, ಆ ತಮ್ಮನಿಗೆ ಕಂಡದ್ದು ಆ ಮನೆಯಲ್ಲಿ ಬೇರೆ ಯಾರಿಗೂ ಕಾಣಲಿಲ್ಲ.

ಭಾನುವಾರ ಸಂತೆ ನೆರೆಯಿತು. ದಲಾಲಿಯ ಮನೆಯ ಎಮ್ಮೆಯೇ ಸಂತೆಗೆ ಬಂತೆಂದರೆ ಅವನ ಮನೆಯಲ್ಲಿ ಏನೋ ಬರಿದಾಗಿದೆ ಎಂದು ಜನ ಆಡಿಕೊಳ್ಳುತ್ತಾರೆ. ಆ ನಾಚಿಕೆಗೆ ಅವನು ಕರೆವ್ವನ ಹಗ್ಗವನ್ನು ಇನ್ನೊಬ್ಬ ದಲಾಲಿಯ ಕೈಗೆ ಕೊಟ್ಟು, “ಯಾರದಂತ ಹೇಳಬ್ಯಾಡ. ಅರವತ್ತರ ಮ್ಯಾಲ ಬಂದ್ರ ಬಿಡು. ಇವತ್ತ ಆಗಾಕಬೇಕು” ಎಂದು ಹೇಳಿ, ಚಹಾದ ಅಂಗಡಿಯೊಳಗೆ ಸಂತೆಗೆ ಬೆನ್ನು ಮಾಡಿ ಕುಳಿತ. ಇತ್ತ ತಮ್ಮ ಕಣ್ಣಷ್ಟೇ ಕಾಣುವ ಹಾಗೆ ತಲೆಗೆ ರುಮಾಲು ಸುತ್ತಿಕೊಂಡು ಬಂದ. ಆ ದಲಾಲಿ ಅವನ ಕೈಮೇಲೆ ಟವೆಲ್ಲು ಹಾಕಿದ. ಹುಡುಗನ ಬೆರಳು ಬೆವೆತಿತ್ತು. ಬೆವೆತ ಬೆರಳು ದಲಾಲಿಗೆ ಎಲ್ಲವನ್ನೂ ಹೇಳುತ್ತದೆ. ಇವನು ಈ ಎಮ್ಮೆ ಬಿಟ್ಟು ಹೋಗುವುದಿಲ್ಲ ಎಂದು ತಿಳಿಯಿತು. ಏರಿಸಿದ, ಏರಿಸಿದ, ಅರವತ್ತೆರಡಕ್ಕೆ ಕೈಬಿಟ್ಟ. ತಮ್ಮ ಅಕ್ಕನ ಮನೆಯ ಹಿತ್ತಲಿಗೆ ಓಡಿಹೋಗಿ, ಅವಳು ಕೌದಿ ಬಿಚ್ಚಿ ಎಣಿಸಿಕೊಟ್ಟ ಅರವತ್ತೆರಡು ಸಾವಿರ ತಂದು ಕೊಟ್ಟ.

ಆಮೇಲೆ ಆ ದಲಾಲಿ ಚಹಾದ ಅಂಗಡಿಗೆ ಬಂದ. ನಮ್ಮ ದಲಾಲಿಯ ಕೈಮೇಲೆ ಟವೆಲ್ಲು ಹಾಕಿದ. ಇವನ ಬೆರಳೂ ಬೆವೆತಿತ್ತು. ಇಪ್ಪತ್ತು ವರ್ಷ ಮಂದಿಯ ಬೆರಳು ಓದಿದವನ ಬೆರಳನ್ನು ಆವತ್ತು ಮತ್ತೊಬ್ಬ ಓದಿದ. ಮೊದಲು ನಾಲ್ಕು ಬೆರಳು ಒತ್ತಿದ, ಆಮೇಲೆ ಎಂಟು. ನಲವತ್ತೆಂಟು.

“ಗಿರಾಕಿ ಇಲ್ಲೋ ಮಾರಾಯಾ. ಬ್ಯಾಡಂದ್ರ ಬಿಡು, ಮುಂದಿನ ವಾರ ನೋಡೂಣು.”

ಮುಂದಿನ ವಾರ ಎಲ್ಲಿದೆ? ಬುಧವಾರಕ್ಕೆ ಮೂರು ದಿನ ಅಷ್ಟೆ. ಅವನು ಕಣ್ಣು ಮುಚ್ಚಿ, ಹೂಂ ಎಂದ.

ನಲವತ್ತೆಂಟು ಸಾವಿರ ಸೊಂಟಕ್ಕೆ ಕಟ್ಟಿಕೊಂಡು ಸಂಜೆ ಮನೆಗೆ ಬಂದ. ಇನ್ನು ಹನ್ನೆರಡು ಎಲ್ಲಿಂದ ತರಲಿ, ಮಗಳಿಗೆ ಏನು ಹೇಳಲಿ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಖಾಲಿ ಗೂಟ ನೋಡಿದಳು, ಅವನ ಮುಖ ನೋಡಿದಳು, ಏನೂ ಕೇಳಲಿಲ್ಲ. ಅವನೂ ಏನೂ ಹೇಳಲಿಲ್ಲ. ಹಾಲು ಹಿಂಡುವ ಹೊತ್ತು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಗದ್ದಲ. ಏನೆಂದು ನೋಡಿದರೆ, ಹಗ್ಗ ಎಳೆದುಕೊಂಡು ಕರೆವ್ವ ಬರುತ್ತಿದ್ದಾಳೆ. ಹಿಂದೆ ರುಮಾಲು ಬಿಚ್ಚಿಹೋದ ತಮ್ಮ ಏದುಸಿರು ಬಿಡುತ್ತ ಓಡಿ ಬರುತ್ತಿದ್ದಾನೆ. ಹಳ್ಳದ ಹತ್ತಿರ ನೀರು ಕುಡಿಸಲು ನಿಲ್ಲಿಸಿದ್ದ. ಹಾಲು ಹಿಂಡುವ ಹೊತ್ತಾಯಿತಲ್ಲ, ಎಮ್ಮೆ ಅವನ ಕೈಯಿಂದ ಹಗ್ಗ ಕಿತ್ತುಕೊಂಡು ಮನೆಯ ದಾರಿ ಹಿಡಿದಿತ್ತು. ಎಮ್ಮೆಗೆ ತನ್ನ ಮನೆ ಯಾವುದೆಂದು ಗೊತ್ತಿತ್ತು. ಅದು ಸೀದಾ ಬಂದು ತನ್ನ ಗೂಟದ ಹತ್ತಿರ ನಿಂತು, ಕಿವಿ ಕೊಡವಿತು.

ದಲಾಲಿ ಎಮ್ಮೆಯನ್ನು ನೋಡಿದ. ಬಾಮೈದನನ್ನು ನೋಡಿದ.

“ಇದು ನಾ ಮಾರಿದ ಎಮ್ಮಿ.”

“ನಾ ಕೊಂಡಿದ್ದೂ ಅದೇ ಮಾಮಾ.”

“ನಿನ್ನ ಹಂತ್ಯಾಕ ರೊಕ್ಕ ಎಲ್ಲಿದು?”

ತಮ್ಮ ಅಕ್ಕನ ಮುಖ ನೋಡಿದ. “ನನ್ನ ಕೇಳಬ್ಯಾಡ್ರಿ. ನಾ ಹಗ್ಗ ಹಿಡದಾಂವ ಅಷ್ಟ.”

ದಲಾಲಿ ಹೆಂಡತಿಯ ಕಡೆ ತಿರುಗಿದ. “ರೊಕ್ಕ ನಿಂದೇನು?”

“ಹೌದ್ರಿ, ನಂದ. ಮೊದಲ ನೀವು ಹೇಳ್ರಿ. ಯಾಕ ಮಾರಿದ್ರಿ? ಎಷ್ಟಕ್ಕ ಮಾರಿದ್ರಿ?”

ಅವನ ಬಾಯಿ ತೆರೆಯಿತು, ಮಾತು ಬರಲಿಲ್ಲ. ಇಪ್ಪತ್ತು ವರ್ಷದ ರೂಢಿ, ಸುಮ್ಮನೆ ಹೋಗುತ್ತದೆಯೆ? ಹೆಂಡತಿ ಮುಂದೆ ಬಂದು ಅವನ ಹೆಗಲ ಮೇಲಿನ ಟವೆಲ್ಲು ತೆಗೆದಳು. ತನ್ನ ಕೈ ಅವನ ಕೈಯಲ್ಲಿಟ್ಟು ಎರಡರ ಮೇಲೂ ಟವೆಲ್ಲು ಹಾಕಿದಳು.

“ಬಾಯಿಲೆ ಹೇಳಾಕ ಬರೂದಿಲ್ಲಂದ್ರ ಬೆರಳಿಲೇರ ಹೇಳ್ರಿ.”

ಅವನು ಎಷ್ಟೋ ಸಾವಿರ ಕೈ ಹಿಡಿದಿದ್ದ, ಈ ಕೈಯನ್ನು ಹಿಡಿದು ಬಹಳ ವರ್ಷವಾಗಿತ್ತು. ಬೆಣ್ಣೆ ಕಡೆದು ಕಡೆದು ಅಂಗೈ ಗಂಟು ಕಟ್ಟಿತ್ತು. ಮೆಲ್ಲಗೆ ಅವಳ ನಾಲ್ಕು ಬೆರಳು ಹಿಡಿದ. ಬಿಟ್ಟ. ಇಡೀ ಕೈ ಹಿಡಿದ, ಮತ್ತೆ ಮೂರು ಬೆರಳು ಹಿಡಿದ.

“ನಾಕು, ಎಂಟು. ನಲವತ್ತೆಂಟು?”

ಅವನು ತಲೆಯಾಡಿಸಿದ. ಈಗ ಅವಳ ಸರದಿ. ಅವಳಿಗೆ ಈ ವಿದ್ಯೆ ಈಗಷ್ಟೇ ಬಂದದ್ದು. ಅವನ ಇಡೀ ಕೈ ಹಿಡಿದಳು, ಮೇಲೊಂದು ಬೆರಳು. ಆರು. ಆಮೇಲೆ ಎರಡು.

ದಲಾಲಿ ಲೆಕ್ಕ ಹಾಕಿದ. ಅರವತ್ತೆರಡು ಕೊಟ್ಟವಳು ಈಕೆ, ನಲವತ್ತೆಂಟು ಪಡೆದವನು ತಾನು. ನಡುವಿನ ಹದಿನಾಲ್ಕು ಎಲ್ಲಿ ಹೋಯಿತು ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ತಮ್ಮನಿಗೂ ತಿಳಿಯಿತು. “ಆ ದಲಾಲಿ ಕೊಳ್ಳಪಟ್ಟಿ ಹಿಡಿಯೂಣು ನಡೀರಿ ಮಾಮಾ.”

“ಯಾವ ಬಾಯಿಲೆ ಕೇಳಲೋ ತಮ್ಮಾ? ಬೆರಳ ಬಿಟ್ಟ ಮ್ಯಾಲ ಬೆಲಿ ಮುಗೀತು. ಮಂದಿ ಎಮ್ಮಿಯಾಗ ನಾನೂ ಇದನ್ನ ತಿಂದೀನಿ. ಇವತ್ತ ನನ್ನ ಎಮ್ಮಿಯಾಗ ಅಂವ ತಿಂದ.”

ಅಷ್ಟು ಹೊತ್ತು ಮಗಳು ಕಾಲೇಜಿನ ಕಾಗದ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಅವ್ವನ ಕೈಗಳು ಇನ್ನೂ ಟವೆಲ್ಲಿನ ಕೆಳಗೇ ಇದ್ದವು. ಹುಡುಗಿ ಬಂದು ಟವೆಲ್ಲು ಎತ್ತಿಬಿಟ್ಟಳು.

“ಇದು ನಮ್ಮ ಮನಿ. ಇಲ್ಲಿ ಯಾರಿಗಿ ಗೊತ್ತಾಗಬಾರದು ಅಂತ ಮುಚ್ಚೀರಿ?”

ಕಥೆಯ ಜೀವ ಇಲ್ಲಿದೆ, ಇದನ್ನು ಗಂಟು ಹಾಕಿಕೊಳ್ಳಿ. ಸಂತೆಯಲ್ಲಿ ಸುತ್ತ ಹತ್ತಿಪ್ಪತ್ತು ಜನ ಇರುತ್ತಾರೆ, ಅವರಿಗೆ ತಿಳಿಯಬಾರದೆಂದು ಮುಚ್ಚುತ್ತಾರೆ. ಮನೆಯಲ್ಲಿ ಇರುವವರು ಮನೆಯವರೇ. ಅಲ್ಲಿ ಮುಚ್ಚಿದ್ದು ಯಾರಿಂದ?

ಅವರು ಅಂಗಳದಲ್ಲೇ ಕುಳಿತರು. ಅವನು ಸೊಂಟದ ಗಂಟು ಬಿಚ್ಚಿ ಇಟ್ಟ. ಅವಳು ಕೌದಿ ತಂದು ಹೊಲಿಗೆ ಬಿಚ್ಚಿದಳು. ಉಳಿದಿದ್ದ ಮೂರು ಸಾವಿರ ಅವನ ಮುಂದೆ ಬಿತ್ತು. ಅವನು ಆ ಕೌದಿಯನ್ನು ಮುಟ್ಟಿ ನೋಡಿ, “ಅದಕ್ಕ ಇಷ್ಟ ಬೆಚ್ಚಗ ಇತ್ತೇನು” ಎಂದ. ಆಗ ಅವಳಿಗೆ ನಗುವೂ ಬಂತು, ಅಳುವೂ ಬಂತು. ಅವನೆದ್ದು ಗಲ್ಲಾಪೆಟ್ಟಿಗೆಯ ತಳದ ಏಳು ಸಾವಿರ ತಂದ. ಈಗ ಅವಳು ಅವನ ಮುಖ ನೋಡಿದಳು. ನಿಮ್ಮ ಹತ್ತಿರವೂ ಒಂದು ಕೌದಿ ಇತ್ತೇ ಎನ್ನುವ ಹಾಗೆ. ಎಲ್ಲ ಕೂಡಿ ಐವತ್ತೆಂಟು. ಇನ್ನೂ ಎರಡು ಬೇಕು.

ಅವನ ಬಾಯಿಗೆ ಹಳೆಯ ಮಾತು ಬಂದೇಬಿಟ್ಟಿತು. “ನಾ ನೋಡ್ತೀ...” ಎಂದವನು ಅಲ್ಲೇ ತಡೆದು, “ಏನ ಮಾಡೂಣು?” ಎಂದ.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕೇಳಿದ. ಅವಳು ತಡಮಾಡಲಿಲ್ಲ. “ಕರೆವ್ವ ಮನ್ಯಾಗ ಅದಾಳ. ಹೊಟೇಲಿನವರಿಗಿ ನಾ ದಿನಾ ಹಾಲ ಹಾಕ್ತೀನಿ. ಎರಡು ಸಾವಿರ ಮುಂಗಡ ಕೇಳಿದ್ರ ಇಲ್ಲ ಅನ್ನೂದಿಲ್ಲ. ನಾಳೆ ಮುಂಜಾನೆ ಇಬ್ರೂ ಕೂಡಿ ಹೋಗೂಣು.”

ಇಬ್ಬರೂ ಕೂಡಿ ಹೋದರು. ಮಂಗಳವಾರ ಫೀಸು ಕಟ್ಟಿ ಬಂದರು, ಬುಧವಾರದ ತನಕ ಕಾಯಲಿಲ್ಲ. ಊರಿಗೆ ಸುದ್ದಿಯಾಯಿತು, ತಮ್ಮ ಎಮ್ಮೆಯನ್ನು ತಾವೇ ಕೊಂಡವರು ಎಂದು ಬಹಳ ದಿನ ನಕ್ಕರು. ಗಂಡ ಹೆಂಡತಿಯೂ ಅವರ ಜೊತೆ ನಕ್ಕರು. ಮುಂದಿನ ಭಾನುವಾರ ಅವನು ಕಾಲು ತೊಳೆಯುವಾಗ ಅವಳು ಏನೂ ಕೇಳಿರಲಿಲ್ಲ. ಅವನೇ, “ಇವತ್ತ ಒಂಬೈನೂರು” ಎಂದ. ಅವಳು, “ಹಾಲಿಂದು ಇನ್ನೂರಾ ನಲವತ್ತು” ಎಂದಳು. ಅಷ್ಟೆ. ಅಷ್ಟಕ್ಕೇ ಆ ಮನೆ ನೆಟ್ಟಗೆ ನಿಂತಿತು.

ಈಗ ನಿಮ್ಮನ್ನು ಕೇಳುತ್ತೇನೆ. ಆ ಹದಿನಾಲ್ಕು ಸಾವಿರ ತಿಂದವರು ಯಾರು? ಆ ಇನ್ನೊಬ್ಬ ದಲಾಲಿ ಎನ್ನುತ್ತೀರಿ. ಸರಿ, ಅವನ ಪಾಪ ಅವನಿಗೆ. ಆದರೆ ಅವನಿಗೆ ಕುಳಿತುಕೊಳ್ಳಲು ಜಾಗ ಕೊಟ್ಟವರು ಯಾರು? ಗಂಡ ಹೆಂಡತಿ ನಡುವೆ ಒಂದು ಮಣೆಯಷ್ಟು ಜಾಗ ಖಾಲಿ ಬಿಟ್ಟರೆ ಸಾಕು, ಯಾರಾದರೂ ಬಂದು ಕುಳಿತೇ ಕೂಡುತ್ತಾರೆ. ಒಂದು ಮನೆಯಲ್ಲಿ ಬಡ್ಡಿಯವನು ಬಂದು ಕೂಡುತ್ತಾನೆ. ಇನ್ನೊಂದರಲ್ಲಿ ಕಂತಿನ ಮೇಲೆ ಟಿವಿ ಕೊಡುವವನು. ಮತ್ತೊಂದರಲ್ಲಿ ಅನುಮಾನವೇ ಬಂದು ಕೂಡುತ್ತದೆ, ಅದು ಎಲ್ಲರಿಗಿಂತ ಹೆಚ್ಚು ತಿನ್ನುತ್ತದೆ.

ನೀವು ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂಡುತ್ತೀರಿ. ಲಿಂಗವನ್ನು ಎಲ್ಲಿಟ್ಟುಕೊಳ್ಳುತ್ತೀರಿ? ಅಂಗೈಯಲ್ಲಿ. ಆ ಅಂಗೈ ತೆರೆದಿರುತ್ತದೆ. ಮುಷ್ಟಿ ಕಟ್ಟಿ ಯಾರಾದರೂ ಲಿಂಗಪೂಜೆ ಮಾಡಿದ್ದನ್ನು ನಾನು ಕಂಡಿಲ್ಲ. ಲಿಂಗ ಕಟ್ಟದವರೂ ತೀರ್ಥಕ್ಕೆ ತೆರೆದ ಕೈಯನ್ನೇ ಒಡ್ಡುತ್ತೀರಿ. ಬೆಳಿಗ್ಗೆ ದೇವರ ಮುಂದೆ ತೆರೆದ ಕೈ ಸಂಜೆ ಹೆಂಡತಿಯ ಮುಂದೆ ಯಾಕೆ ಮುಚ್ಚುತ್ತದೆ? ಗಂಡನ ಮುಂದೆ ಯಾಕೆ ಮುಚ್ಚುತ್ತದೆ? ನಿಮ್ಮಿಬ್ಬರ ದುಡಿಮೆಯೂ ಕಾಯಕವೇ. ಕಾಯಕದಿಂದ ಬಂದದ್ದು ಪ್ರಸಾದ. ಪ್ರಸಾದವನ್ನು ಯಾರಾದರೂ ಬಚ್ಚಿಟ್ಟು ತಿನ್ನುತ್ತಾರೆಯೆ?

ನೀವು ಮಾಡಬೇಕಾದದ್ದು ದೊಡ್ಡದಲ್ಲ. ಸಂಬಳ ಬರಲಿ, ಕೂಲಿ ಬರಲಿ, ಹಾಲಿನ ಪಟ್ಟಿ ಬರಲಿ, ಬಂದ ದಿನ ಅದು ಕಿಸೆಗೂ ಡಬ್ಬಿಗೂ ಹೋಗುವ ಮೊದಲು ದೇವರ ಜಗಲಿಯ ಮೇಲೆ ಇಡಿ. ಕೈಯಲ್ಲಿ ಹಿಡಿಯಲಾಗದಂತೆ ಬ್ಯಾಂಕಿಗೆ ಬಂದಿದ್ದರೆ ಇಷ್ಟು ಬಂತು ಎಂದು ಬಾಯಿಬಿಟ್ಟು ಹೇಳಿ. ಅದರ ಮುಂದೆ ಇಬ್ಬರೂ ಒಂದು ಗಳಿಗೆ ಕುಳಿತುಕೊಳ್ಳಿ. ಕಾಳುಕಡಿಗೆ ಎಷ್ಟು, ಮಕ್ಕಳ ಓದಿಗೆ ಎಷ್ಟು, ಕಷ್ಟಕ್ಕೆ ಎಂದು ತೆಗೆದಿಡುವುದು ಎಷ್ಟು, ಮಾತಾಡಿ. ದಾಸೋಹಕ್ಕೂ ಒಂದಿಷ್ಟು ಇರಲಿ, ಅದು ಮಠ ಕೇಳುವುದಲ್ಲ, ನಿಮ್ಮ ಓಣಿಯ ಹಸಿದವರು ಕೇಳುವುದು. ಮಾತು ಜಗಳವಾದರೆ ಆಗಲಿ. ಜಗಳದಲ್ಲಿ ಸತ್ಯ ಹೊರಗೆ ಬೀಳುತ್ತದೆ, ಮೌನದಲ್ಲಿ ಅದು ಕೊಳೆಯುತ್ತದೆ. ಬುದ್ಧಿ ಬಂದ ಮಕ್ಕಳಿದ್ದರೆ ಅವರನ್ನೂ ಕೂಡಿಸಿಕೊಳ್ಳಿ. ಮನೆಯ ಟವೆಲ್ಲು ಎತ್ತುವವರು ಬಹಳ ಸಲ ಅವರೇ.

ತಾಯಂದಿರೇ, ನಿಮ್ಮ ಕೌದಿಯನ್ನು ಇವತ್ತೇ ಬಿಚ್ಚಿ ಎಂದು ನಾನು ಒತ್ತಾಯ ಮಾಡುವುದಿಲ್ಲ. ಕುಡಿದು ಕಳೆಯುವವನ ಮುಂದೆ ಬಿಚ್ಚಬೇಡಿ, ಅದು ಬೇರೆ ಮಾತು. ಆದರೆ ದುಡಿದು ಬಂದು ಸುಮ್ಮನೆ ಕೂಡುವವನು ನಿಮ್ಮ ಗಂಡನಾಗಿದ್ದರೆ, ಒಮ್ಮೆ ಕೇಳಿ ನೋಡಿ. ನಿಮ್ಮದನ್ನೂ ಹೇಳಿ ನೋಡಿ. ಅಣ್ಣಗಳಿರಾ, ಅವರು ಕೇಳಿದಾಗ “ಬಂತು” ಎನ್ನಬೇಡಿ. ಎಷ್ಟು ಬಂತೆಂದು ಹೇಳಿ. ಮನೆಯ ಹಗ್ಗ ಹಿಡಿದವರು ಅವರು. ಬೆಲೆ ಮೊದಲು ಗೊತ್ತಾಗಬೇಕಾದದ್ದು ಅವರಿಗೆ.

ಇಲ್ಲಿ ಕುಳಿತ ಗಂಡಸರ ಹೆಗಲ ಮೇಲೆಲ್ಲ ಒಂದೊಂದು ಟವೆಲ್ಲು ಕಾಣುತ್ತಿದೆ. ಪ್ರಸಾದ ಮುಗಿಸಿ ಮನೆಗೆ ಹೋದ ಕೂಡಲೇ ಅದನ್ನು ತೆಗೆದು ಗೂಟಕ್ಕೆ ಹಾಕಿ. ಬೆವರು ಒರೆಸಲು ನಾಳೆ ಬೇಕಾಗುತ್ತದೆ. ಮನೆಯೊಳಗೆ ಅದರ ಕೆಲಸವಿಲ್ಲ.